ನಡುಮನೆಯ ಕೊಲಂಬಸ್ಸು

ನಮ್ಮ ಮನೆಯಲ್ಲಿ ಮಿಕ್ಸಿ ಶುರುವಾದರೆ ಅಮ್ಮ ಈಗಲೂ ಸೋಫಾದ ಕೈ ಹಿಡಿದುಕೊಳ್ಳುತ್ತಾಳೆ. ಕಣ್ಣು ಮುಚ್ಚಿ, ಗಲ್ಲವನ್ನು ಎದೆಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಭದ್ರವಾಗಿ. ಹೊಸಬರು ಗಾಬರಿ ಬೀಳುತ್ತಾರೆ. ಮೊನ್ನೆ ನಮ್ಮ ಯಜಮಾನರ ಕಡೆಯ ನೆಂಟರೊಬ್ಬರು ಬಂದಿದ್ದಾಗ ನಾನು ಒಳಗೆ ಚಟ್ನಿಗೆ ಕಾಯಿ ಹಾಕಿ ಗುಂಡಿ ತಿರುಗಿಸಿದೆ. ಹೊರಗಿನಿಂದ ಆಕೆ, "ಬೇಗ ಬನ್ರೀ ಸುಮಾ, ನಿಮ್ಮ ತಾಯಿಗೆ ಏನೋ ಆಗ್ತಿದೆ" ಎಂದು ಕೂಗಿದರು. ಏನೂ ಆಗುತ್ತಿರಲಿಲ್ಲ. ಅಮ್ಮ ಹಡಗು ಹತ್ತಿದ್ದಳು, ಅಷ್ಟೆ. ಮಿಕ್ಸಿ ನಿಂತ ಮೇಲೆ ಕಣ್ಣು ಬಿಟ್ಟು, "ಕಾಯಿ ಇನ್ನೂ ತರಿತರಿ ಇದೆ, ಇನ್ನೊಂದ್ ಸುತ್ತು ಬುಡು" ಅಂದಳು. ನೆಂಟರು ಚಟ್ನಿ ತಿನ್ನದೆಯೇ ಹೊರಟರು.

ಇದರ ಹಿನ್ನೆಲೆ ಹೇಳಬೇಕಾದರೆ ನನ್ನ ಮರ್ಯಾದೆಯನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಬಿಟ್ಟುಕೊಡುತ್ತೇನೆ. ಹೇಗೂ ಬೋಗಾದಿಯ ನಮ್ಮ ಬೀದಿಯಲ್ಲಿ ಅದರ ಬಹುಭಾಗ ಕಳೆದ ದಸರೆಯಲ್ಲೇ ಹೋಗಿದೆ.

ಅಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಅವಳು ದನಿ ಏರಿಸಿದ್ದನ್ನು ಶಾಲೆಯ ಮಕ್ಕಳಾರೂ ಕೇಳಿಲ್ಲ. ಏರಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ಬರೆಯುತ್ತಿದ್ದ ಸೀಮೆಸುಣ್ಣವನ್ನು ಹಲಗೆಯ ಮೇಲೆ ಹಾಗೇ ನಿಲ್ಲಿಸುತ್ತಿದ್ದಳಂತೆ, ತಿರುಗಿ ಕೂಡ ನೋಡದೆ. ಆ ಮೌನಕ್ಕೆ ಹೆದರಿ ಎಷ್ಟೋ ಮಂದಿ ಗಣಿತದಲ್ಲಿ ಪಾಸಾಗಿ ಈಗ ದೊಡ್ಡ ದೊಡ್ಡ ಕೆಲಸಗಳಲ್ಲಿದ್ದಾರೆ. ಮನೆಯಲ್ಲೂ ಇದೇ ಪದ್ಧತಿ. ನಾನು ತಪ್ಪು ಮಾಡಿದರೆ ಅಮ್ಮ ಬೈಯುತ್ತಿರಲಿಲ್ಲ. ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸುತ್ತಿದ್ದಳು.

ಇಂಥ ಅಮ್ಮ ವರ್ಷಕ್ಕೊಂದು ದಿನ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಳು. ದಸರಾ ಎಕ್ಸಿಬಿಷನ್ನಿನಲ್ಲಿ, ಕೊಲಂಬಸ್ ಮೇಲೆ. ಹಡಗಿನ ಆಕಾರದ ಆ ದೈತ್ಯ ಉಯ್ಯಾಲೆಯನ್ನು ನೀವೂ ನೋಡಿರುತ್ತೀರಿ. ಹತ್ತಿಯೂ ಇರಬಹುದು, ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಉಳಿದ ಹೆಂಗಸರು ಬಳೆ, ಬೆಡ್‌ಶೀಟು, ಉಪ್ಪಿನಕಾಯಿ ಜಾಡಿ ಎಂದು ಅಂಗಡಿ ಸುತ್ತುತ್ತಿದ್ದರೆ ಅಮ್ಮ ನೆಟ್ಟಗೆ ಹಡಗಿನ ಕಡೆ ನಡೆಯುತ್ತಿದ್ದಳು. ಅದರಲ್ಲೂ ನಡುವಿನ ಸಾಲು ಅಲ್ಲ, ತುದಿಯ ಸಾಲು. ಸೆರಗನ್ನು ಸೊಂಟಕ್ಕೆ ಬಿಗಿದು, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಹೋದರೆ ಇಳಿಯುವಾಗ ಬೇರೆಯೇ ಹೆಂಗಸು. ಕೂದಲು ಕೆದರಿರುತ್ತಿತ್ತು, ಮುಖ ಕೆಂಪಾಗಿರುತ್ತಿತ್ತು, ನನ್ನನ್ನು ನೋಡಿ ಕಾರಣವೇ ಇಲ್ಲದೆ ನಗುತ್ತಿದ್ದಳು. ಆ ನಗುವಿನ ಹೊತ್ತಿನಲ್ಲಿ ಕೇಳಿದರೆ ಏನು ಬೇಕಾದರೂ ಕೊಡಿಸುತ್ತಿದ್ದಳು ಎಂಬುದನ್ನು ನಾನು ಬೇಗ ಕಲಿತುಕೊಂಡಿದ್ದೆ.

ನಾನು ಮಾತ್ರ ಕೆಳಗೇ. ಒಮ್ಮೆ ಹತ್ತಿದ್ದೆ, ಒಂದು ಇಡೀ ಡೆಲ್ಲಿ ಹಪ್ಪಳ ತಿಂದ ಮೇಲೆ. ತಟ್ಟೆಗಿಂತ ಅಗಲವಾದ, ಮೇಲೆ ಖಾರದ ಪುಡಿ ಉದುರಿಸಿದ ಆ ಹಪ್ಪಳ ನನ್ನೊಳಗಿನಿಂದ ಹೇಗೆ ವಾಪಸಾಯಿತು, ಮುಂದಿನ ಸಾಲಿನಲ್ಲಿದ್ದವರು ನನಗೆ ಏನೇನು ಹೇಳಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಂದಿನಿಂದ ನಾನು ಅಪ್ಪನ ಪಕ್ಷ ಸೇರಿದೆ. ಅಪ್ಪ ಬೆಂಚಿನ ಮೇಲೆ ನಿಂತು ಬಲ್ಬು ಬದಲಾಯಿಸಲಿಕ್ಕೂ ಹಿಂದೆಮುಂದೆ ನೋಡುವ ಜನ. ನಾವಿಬ್ಬರೂ ಕಬ್ಬಿಣದ ಕಟಕಟೆಗೆ ಒರಗಿ ಅಮ್ಮನ ಚೀಲ ಕಾಯುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೂ ಅಮ್ಮ ಹಡಗು ಬಿಡಲಿಲ್ಲ. ನಾನೊಬ್ಬಳೇ ನಿಂತು ಚೀಲ ಕಾದೆ. ಮೇಲೆ ಏನೋ ಕೂಗುತ್ತಿದ್ದಳು, ಖಂಡಿತ. ಬಾಯಿ ಆಡುವುದು ಕಾಣುತ್ತಿತ್ತು. ಆದರೆ ಮೋಟಾರಿನ ಗುಡುಗು, ಕೀರಲು, ಹಾಡು, ಉಳಿದವರ ಚೀತ್ಕಾರ, ಇಷ್ಟರ ನಡುವೆ ಅಮ್ಮನ ಮಾತು ಕೆಳಗೆ ಬರುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಮ್ಮ ಹಿತ್ತಲಿನಲ್ಲಿ ಜಾರಿದಳು. ಸೊಂಟದ ಮೂಳೆ ಮುರಿಯಿತು, ಪ್ಲೇಟು ಹಾಕಿದರು. ಗಾಯ ಚೆನ್ನಾಗಿ ಮಾಯಿತು, ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟಾದಳು. ಡಾಕ್ಟರರ ಹತ್ತಿರ ಕೊನೆಯ ಸಲ ಹೋದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಕೊಲಂಬಸ್ ಹತ್ತಬೋದಾ?" ಡಾಕ್ಟರರು ಅದನ್ನು ಯಾವುದೋ ಬಸ್ಸು ಎಂದುಕೊಂಡು ಮೆಟ್ಟಿಲು ಎಷ್ಟೆತ್ತರ ಎಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಕನ್ನಡಕ ಮೇಲೇರಿಸಿ ಅಮ್ಮನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಅಮ್ಮಾ, ಅದು ಇನ್ ಯಾವತ್ತೂ ಬೇಡ. ಮನೇಲಿ ತೂಗುಮಣೆ ಇದ್ರೆ ಮೆಲ್ಲಗೆ ಕೂತ್ಕೊಳಿ, ತೊಂದ್ರೆ ಇಲ್ಲ" ಅಂದರು.

"ಸರಿ" ಅಂದಳು ಅಮ್ಮ.

ಆ 'ಸರಿ' ನನ್ನನ್ನು ಕಾಡಿತು. ಅಂದಿನಿಂದ ಎಲ್ಲಕ್ಕೂ ಸರಿಯೇ. ಸಾರಿಗೆ ಉಪ್ಪು ಕಡಿಮೆಯಾದರೂ ಸರಿ, ಪಕ್ಕದ ಸೈಟಿನವರು ಜಲ್ಲಿಯನ್ನು ನಮ್ಮ ಗೇಟಿನ ಮುಂದೆ ಸುರಿದರೂ ಸರಿ. ಹುರುಳಿಕಾಯಿ ಮುರಿಯುವುದನ್ನು ಕೂಡ ಯಾವ ತಪ್ಪಿಗೂ ನಿಲ್ಲಿಸಲಿಲ್ಲ. ಗಣಪತಿ ಹಬ್ಬ ಕಳೆಯಿತು, ದಸರೆ ಹತ್ತಿರ ಬಂತು. ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಲೇ ಎಂದು ಕೇಳಿದರೆ ಅದಕ್ಕೂ ಸರಿ. ನನಗೆ ಅಳು ಬಂತು. ನನಗೆ ಬೇಕಾಗಿದ್ದದ್ದು ಅಮ್ಮನ ವರ್ಷಕ್ಕೊಂದು ಕೂಗು. ಅದು ಈ ವರ್ಷ ಒಳಗೇ ಉಳಿದುಬಿಟ್ಟರೆ ಅಮ್ಮನೂ ಒಳಗೇ ಉಳಿದುಬಿಡುತ್ತಾಳೆ ಎಂಬ ಹೆದರಿಕೆ ನನ್ನದು.

ಉಪಾಯ ಹೊಳೆದದ್ದು ನಮ್ಮ ಯಜಮಾನರಿಗೆ. ಪ್ರಸಾದ್ ಅವರ ಹೆಸರು, ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಅವರಿಗೆ ಜಗತ್ತಿನ ಯಾವ ಸಮಸ್ಯೆಯೂ ಒಂದು ಹಗ್ಗ ಮತ್ತು ಒಂದು ಸೀಟಿಯಿಂದ ಬಗೆಹರಿಯುತ್ತದೆ. ಡಾಕ್ಟರರೇ ತೂಗುಮಣೆ ಅಂದಿದ್ದಾರಲ್ಲ ಎಂದು ನಡುಮನೆಯ ತೂಗುಮಣೆಗೆ ಹಳೆಯ ಕುರ್ಚಿಯ ಬೆನ್ನು, ಕೈ ಎಲ್ಲ ಬಿಗಿದರು, ಸೊಂಟಕ್ಕೆ ಮೆತ್ತನೆಯ ಪಟ್ಟಿ ಕಟ್ಟಿದರು, ಮುಂದುಗಡೆಗೆ ಒಂದು ಹಗ್ಗ ಹಾಕಿದರು. ಡಾಕ್ಟರರಿಗೆ ಫೋಟೋ ಕಳಿಸಿ, ಒಂದು ಗೇಣಿಗಿಂತ ಮೇಲೇರಕೂಡದು ಎಂಬ ಅಪ್ಪಣೆ ಪಡೆದರು. ಆಮೇಲೆ ಅಮ್ಮನನ್ನು ಕೂರಿಸಿ, ಹಗ್ಗ ಹಿಡಿದು ಮೆಲ್ಲಗೆ ಎಳೆದರು.

ಅಮ್ಮ ಸ್ವಲ್ಪ ಹೊತ್ತು ಹಿಂದೆಮುಂದೆ ಹೋದಳು. "ಚೆನ್ನಾಗಿದೆ ಕಣ್ರೀ ಅಳಿಯಂದಿರೇ. ಇದ್ರಲ್ಲಿ ಕೂತ್ಕೊಂಡು ಅವರೆಕಾಯಿ ಸುಲೀಬೋದು" ಅಂದಳು.

ಯಜಮಾನರ ಮುಖ ಇಳಿಯಿತು. "ಏನು ಕಮ್ಮಿ ಆಯ್ತು ಅತ್ತೆ? ಎತ್ತರ ಒಂದ್ ಬಿಟ್ಟು ಎಲ್ಲಾ ಇದ್ಯಲ್ಲ."

"ಎತ್ತರ ಯಾರಿಗ್ ಬೇಕು. ಸದ್ದೇ ಇಲ್ವಲ್ರೀ" ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ ಒಂದು ಗುಟ್ಟು ಹೊರಗೆ ಹಾಕಿದಳು. "ನಾನ್ ಕೊಲಂಬಸ್ ಮೇಲೆ ಯಾವತ್ತೂ ಕಣ್ ಬಿಟ್ಟಿಲ್ಲ ಕಣೇ. ಕೂತ ತಕ್ಷಣ ಮುಚ್ಕೊಂಡ್ರೆ ಇಳ್ದಾಗ್ಲೇ ಬಿಡೋದು. ಎತ್ತರ ನಂಗೇನ್ ಗೊತ್ತು, ನಂಗೆ ಗೊತ್ತಿರೋದೆಲ್ಲಾ ಸದ್ದೇ."

ಅಷ್ಟು ಸಾಕಾಯಿತು. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಬೋರ್ಡಿನ ಮೇಲೆ ನಾನು ಬರೆದ ಸರ್ಕ್ಯೂಟ್ ಇಲ್ಲಿಯವರೆಗೆ ಒಂದೂ ಕೆಟ್ಟಿಲ್ಲ. ಬೋರ್ಡಿನಿಂದ ಕೆಳಗಿಳಿದವುಗಳ ವಿಷಯ ಬೇರೆ. ನಮ್ಮ ಮನೆಯ ಕಾಲಿಂಗ್ ಬೆಲ್ಲನ್ನು ನಾನು ರಿಪೇರಿ ಮಾಡಿದ ಮೇಲೆ, ಯಾರಾದರೂ ಒತ್ತಿದರೆ ಬಚ್ಚಲಿನ ದೀಪ ಆರುತ್ತದೆ. ಸ್ನಾನದಲ್ಲಿದ್ದವರು "ಯಾರೋ ಬಂದ್ರು ನೋಡಿ" ಎಂದು ಕೂಗುತ್ತಾರೆ. ಈ ವ್ಯವಸ್ಥೆಗೆ ಮನೆಯವರೆಲ್ಲ ಎಂದೋ ಒಗ್ಗಿಹೋಗಿದ್ದಾರೆ. ನಿಜ ಹೇಳಬೇಕೆಂದರೆ ನನ್ನ ಎಂಜಿನಿಯರಿಂಗ್ ಎಲ್ಲ ಶುರುವಾದದ್ದು ಅಪ್ಪನ ಸೈಕಲ್ಲಿನಿಂದ. ಅದರ ಹಿಂದಿನ ಚಕ್ರದ ಕಡ್ಡಿಗಳಿಗೆ ತಾಗುವಂತೆ ಸಿಗರೇಟು ಪ್ಯಾಕಿನ ರಟ್ಟು ಸಿಕ್ಕಿಸಿದರೆ ಟರ್ರ್ ಎಂದು ಮೋಟಾರು ಬೈಕಿನ ಸದ್ದು ಬರುತ್ತಿತ್ತು. ಅಪ್ಪ ಮೋಟಾರು ಬೈಕಿನಲ್ಲೇ ಕೂತವರಂತೆ ಬೆನ್ನು ನೆಟ್ಟಗೆ ಮಾಡಿ ಆಫೀಸಿಗೆ ಹೋಗುತ್ತಿದ್ದರು. ಚಕ್ರ ಜೋರಾಗಿ ತಿರುಗಿದರೆ ಸದ್ದೂ ಜೋರು, ನಿಂತರೆ ನಿಶ್ಶಬ್ದ. ಈಗ ಸೆನ್ಸರ್, ಕಂಟ್ರೋಲರ್ ಎಂದು ನಾನು ಹುಡುಗರಿಗೆ ಮಂಡಿಸುವ ವಿದ್ಯೆಯೂ ಆ ರಟ್ಟಿನಿಂದಾಚೆ ಬಹಳ ದೂರವೇನೂ ಹೋಗಿಲ್ಲ.

ನನ್ನ ಯೋಜನೆ ಇಷ್ಟೇ. ತೂಗುಮಣೆಯ ಹಿಂದಿನ ಗೋಡೆಗೆ ಒಂದು ಸೆನ್ಸರ್. ನೋಡಲು ಎರಡು ಗುಂಡು ಕಣ್ಣಿನ ಪುಟ್ಟ ಮುಖದ ಹಾಗಿರುತ್ತದೆ. ಒಂದು ಕಣ್ಣು ನಮಗೆ ಕೇಳಿಸದ ಶಬ್ದವೊಂದನ್ನು ಕಳಿಸುತ್ತದೆ, ಅದು ಎದುರಿನ ವಸ್ತುವಿಗೆ ಬಡಿದು ವಾಪಸು ಬಂದಾಗ ಇನ್ನೊಂದು ಕಣ್ಣು ಹಿಡಿದುಕೊಳ್ಳುತ್ತದೆ. ಹೋಗಿಬಂದ ಹೊತ್ತಿನಿಂದ ಮಣೆ ಎಷ್ಟು ದೂರ ಇದೆ ಎಂಬ ಲೆಕ್ಕ. ಆ ಲೆಕ್ಕ ಕಂಟ್ರೋಲರ್ ಎಂಬ, ಬೆಂಕಿಪೊಟ್ಟಣದಷ್ಟಿರುವ ಬೋರ್ಡಿಗೆ ಹೋಗುತ್ತದೆ. ಅಮ್ಮ ಗೋಡೆಯ ಹತ್ತಿರವಿದ್ದರೆ ಮೋಟಾರಿನ ಗುರುಗುಟ್ಟುವಿಕೆ, ಮುಂದಕ್ಕೆ ಹೊರಟರೆ ಕೀರಲು ಮತ್ತು ಗಾಳಿ, ತುತ್ತತುದಿಯಲ್ಲಿ ಜನರ 'ಹೋ' ಎನ್ನುವ ಕೂಗು, ಹೀಗೆ ಯಾವುದು ಎಲ್ಲಿ ಎಂದು ಅದು ತೀರ್ಮಾನಿಸಿ ಸ್ಪೀಕರಿಗೆ ಕಳಿಸಬೇಕು. ಸ್ಪೀಕರನ್ನು ಅಜ್ಜಿಯ ಕಾಲದ ತಾಮ್ರದ ಹಂಡೆಯೊಳಗೆ ಇಟ್ಟೆ. ಹಂಡೆಯ ಹೊಟ್ಟೆಯಿಂದ ಬಂದರೆ ಸೊಳ್ಳೆಯ ಗುಂಯ್‌ಗುಟ್ಟುವಿಕೆಯೂ ಹುಲಿಯಾಗುತ್ತದೆ.

ಸದ್ದು ಸಂಗ್ರಹಿಸುವುದು ಶುರುವಾಯಿತು. ನೀವು ಬೋಗಾದಿಗೆ ಬಂದಿದ್ದರೆ ಇಲ್ಲಿ ಸದ್ದಿಗೆ ಬರವೇ ಎನ್ನುತ್ತೀರಿ. ನಮ್ಮ ಎಡಕ್ಕೊಂದು ಮನೆ ಏಳುತ್ತಿದೆ, ಬಲಕ್ಕೊಂದು ಪೇಯಿಂಗ್ ಗೆಸ್ಟು ಕಟ್ಟಡ ಏಳುತ್ತಿದೆ. ಕಷ್ಟ ಅದೇ. ನಾನು ಏನು ರೆಕಾರ್ಡ್ ಮಾಡಿದರೂ ಹಿಂದೆ ಟೈಲ್ಸ್ ಕೊಯ್ಯುವ ಮಿಷನ್ನಿನ ಕಿರ್ರ್ ಸೇರಿಕೊಳ್ಳುತ್ತಿತ್ತು. ಕೊನೆಗೆ ಅವರು ಊಟಕ್ಕೆ ನಿಲ್ಲಿಸುವ ಹೊತ್ತು ಕಾದು, ಮಿಕ್ಸಿಗೆ ನೆನೆಸಿದ ಉದ್ದು ಹಾಕಿ ಮೋಟಾರಿನ ಸದ್ದು ಹಿಡಿದೆ. ಬರೀ ಮಿಕ್ಸಿ ತೆಳುವಾಗಿ ಕೇಳುತ್ತದೆ, ಉದ್ದು ಬಿದ್ದರೆ ಗಾಂಭೀರ್ಯ ಬರುತ್ತದೆ. ಹಾಗಾಗಿ ಆ ವಾರವೆಲ್ಲ ನಮ್ಮ ಮನೆಯಲ್ಲಿ ವಡೆ. ಕೀರಲಿಗೆ ನಮ್ಮ ಗೇಟು ಸಾಕಾಯಿತು. ಎಣ್ಣೆ ಹಾಕಿ ಎಂದು ವರ್ಷಗಟ್ಟಲೆ ಹೇಳಿದ್ದ ನಾನೇ, ಎಣ್ಣೆ ಹಾಕಲು ಹೊರಟ ಯಜಮಾನರ ಕೈಯಿಂದ ಡಬ್ಬಿ ಕಿತ್ತುಕೊಂಡೆ. ಜನರ ಕೂಗನ್ನು ಯಜಮಾನರು ಶಾಲೆ ಬಿಡುವ ಗಂಟೆ ಹೊಡೆದಾಗ ಮೈದಾನದಲ್ಲಿ ಹಿಡಿದು ತಂದರು. ಹಡಗು ಹೊರಡುವ ಮುಂಚಿನ ಅನೌನ್ಸ್‌ಮೆಂಟಿಗೂ ಅವರದೇ ಕಂಠ. "ಬನ್ನಿ ಬನ್ನಿ, ಬಂದು ಕೂತ್ಕೊಳಿ, ಗಟ್ಟಿಯಾಗಿ ಹಿಡ್ಕೊಳಿ, ಕೈ ಹೊರಗೆ ಹಾಕ್ಬೇಡಿ."

ಮೊದಲ ದಿನ ಈ ಅನೌನ್ಸ್‌ಮೆಂಟು ನಮ್ಮ ಮನೆಯ ಬೆಕ್ಕಿಗೆ ಹೊರಟಿತು. ಸೆನ್ಸರಿನ ಮುಂದೆ ಏನು ಹಾದರೂ ಅದಕ್ಕೆ ಪ್ರಯಾಣಿಕರೇ. ಬೆಳಿಗ್ಗೆ ಬೆಕ್ಕು ಮಣೆಯ ಮೇಲೆ ಹಾರಿದ್ದಕ್ಕೂ ಹಾಲಿನ ಶಿವಣ್ಣ ಬಾಗಿಲಿಗೆ ಬಂದದ್ದಕ್ಕೂ ಸರಿಹೋಯಿತು. ನಾನು ಅಡುಗೆಮನೆಯಿಂದ ಬಂದು ನೋಡಿದರೆ ಶಿವಣ್ಣ ಸೋಫಾದ ತುದಿಯಲ್ಲಿ, ಹಾಲಿನ ಪ್ಯಾಕೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಸೋಫಾ ಹಿಡಿದು ಕೂತಿದ್ದಾನೆ.

"ಏನ್ ಶಿವಣ್ಣ?"

"ಮೇಷ್ಟ್ರು ಕರೆದ್ರಲ್ಲಾ ಅಂತ ಬಂದೆ ಕಣಮ್ಮ. ಗಟ್ಟಿಯಾಗ್ ಹಿಡ್ಕೊ ಅಂದ್ರು, ಹಿಡ್ಕೊಂಡಿವ್ನಿ. ಎಲ್ಲವ್ರೆ ಅವ್ರು?"

ಮೇಷ್ಟ್ರು ಬಚ್ಚಲಿನಲ್ಲಿದ್ದರು. ಶಿವಣ್ಣನಿಗೆ ಎಲ್ಲ ಬಿಡಿಸಿ ಹೇಳಿ, ಬೆಕ್ಕನ್ನು ತೋರಿಸಿ ಕಳಿಸಿದೆ. ಮಾರನೆಯ ದಿನದಿಂದ ಅವನು ಹಾಲನ್ನು ಗೇಟಿಗೇ ಸಿಕ್ಕಿಸಿ ಹೋಗತೊಡಗಿದ.

ಪರೀಕ್ಷಕಿ ಅಮ್ಮನೇ. ಕೂತು, ಕಣ್ಣು ಮುಚ್ಚಿ, ಒಂದಷ್ಟು ಓಲಾಡಿ, ತೀರ್ಪು ಕೊಡುತ್ತಿದ್ದಳು. "ಸದ್ದು ತಡವಾಗ್ತಿದೆ. ನಾನ್ ಮುಂದ್ಗಡೆಯಿಂದ ವಾಪಸ್ ಬಂದ್ಮೇಲೆ ಜನ ಹೋ ಅಂತಾರೆ. ನಾನ್ ಬಿದ್ದೋಗಿದೀನಿ ಅಂತ ಖುಷಿ ಪಟ್ಟಂಗಿದೆ." ಇನ್ನೊಮ್ಮೆ, "ಲೋಲಕದ ಪಾಠ ನೀನೂ ಮಾಡ್ತೀಯಲ್ಲೇ? ತುದೀಲಿ ವೇಗ ಇರಲ್ಲ, ನಡುವೆ ಇರುತ್ತೆ. ಗಾಳಿ ನಡುವೆ ಜೋರಾಗ್ಬೇಕು" ಅಂದಳು. ಲೆಕ್ಕ ತಿದ್ದಿದೆ. ಮತ್ತೆ ಕೂತಳು. ಮತ್ತೆ ತಿದ್ದಿದೆ. ಅವಳು ಕೂಗಲಿಲ್ಲ, ನಿಜ. ಆದರೆ 'ಸರಿ' ಅನ್ನುವುದು ನಿಂತುಹೋಗಿತ್ತು. ನನ್ನ ತಪ್ಪುಗಳಿಗೆ ಮನೆಯಲ್ಲಿ ಮತ್ತೆ ಬೆಲೆ ಬಂತು ಎಂದು ನಾನು ಒಳಗೊಳಗೇ ಕುಣಿದೆ.

ಎಲ್ಲವೂ ಆಯುಧಪೂಜೆಯ ಹೊತ್ತಿಗೆ ಸರಿಹೋಯಿತು. ಅಂದು ಸಂಜೆ ಬೀದಿಯ ಮಕ್ಕಳು ಗೊಂಬೆ ನೋಡಲು ಬಂದಾಗ ಹಡಗಿನ ಉದ್ಘಾಟನೆ, ಆಮೇಲೆ ಅಮ್ಮನ ಸವಾರಿ ಎಂದು ನಿಶ್ಚಯವಾಗಿತ್ತು. ಬೆಳಿಗ್ಗೆ ಪೂಜೆ ನಡೆಯಿತು. ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನು, ಈಳಿಗೆಮಣೆ, ಯಜಮಾನರ ಸೀಟಿ, ನನ್ನ ಸಾಲ್ಡರಿಂಗ್ ಕಡ್ಡಿ ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಪೂಜೆಗಿಟ್ಟದ್ದನ್ನು ಅಂದು ಮುಟ್ಟುವ ಹಾಗಿಲ್ಲ, ವಿಜಯದಶಮಿಯಂದೇ ಮತ್ತೆ ಕೈಗೆ. ಆದ್ದರಿಂದ ಮಧ್ಯಾಹ್ನದ ಚಟ್ನಿಯನ್ನು ಒರಳಿನಲ್ಲಿ ರುಬ್ಬಿ, ಊಟ ಮುಗಿಸಿ, ಕೊನೆಯ ಪರೀಕ್ಷೆಗೆಂದು ಹಡಗಿನ ಸ್ವಿಚ್ಚು ಹಾಕಿದೆ.

ಹಂಡೆ "ಹೋ" ಅಂದಿತು. ಮಣೆ ಅಲ್ಲಾಡದೆ ನಿಂತಿದೆ, ಯಾರೂ ಕೂತಿಲ್ಲ. ಹಂಡೆ ಮಾತ್ರ ಒಂದೇ ಸಮನೆ ಹೋ, ಹೋ, ಹೋ. ನಡುನಡುವೆ ಯಜಮಾನರ ಕಂಠದಲ್ಲಿ ಬನ್ನಿ ಬನ್ನಿ. ಪಕ್ಕದ ಸೈಟಿನಲ್ಲಿ ಕಾಂಕ್ರೀಟು ಮಿಷನ್ನಿಗೆ ಹಾರ ಹಾಕಿ ಬೂದುಗುಂಬಳ ಒಡೆಯುತ್ತಿದ್ದವರು ಚೂರುಗಳನ್ನು ಬಿಟ್ಟು ನಮ್ಮ ಕಾಂಪೌಂಡಿನ ಮೇಲೆ ತಲೆ ಹಾಕಿದರು. ನಾನು ಸ್ವಿಚ್ಚು ಆರಿಸಿ ಗೋಡೆಯ ಹತ್ತಿರ ಹೋಗಿ ನೋಡಿದೆ. ಸೆನ್ಸರಿನ ಎರಡೂ ಕಣ್ಣಿಗೆ ಮೆತ್ತಗೆ, ಗುಂಡಗೆ, ಅಚ್ಚುಕಟ್ಟಾಗಿ ಗಂಧ ಹಚ್ಚಿ, ನಟ್ಟನಡುವೆ ಕುಂಕುಮ ಇಟ್ಟಿತ್ತು.

"ಅಮ್ಮಾ, ಇದಕ್ಕ್ಯಾಕೆ ಇಟ್ಟೆ?"

"ಅಷ್ಟ್ ದಿನದಿಂದ ಅದೇ ತಾನೆ ಕೆಲ್ಸ ಮಾಡಿರೋದು. ಮಿಕ್ಸಿಗೆ ಇಟ್ಟು ಅದಕ್ಕೆ ಇಡ್ದಿದ್ರೆ ಬೇಜಾರ್ ಮಾಡ್ಕೊಳಲ್ವಾ?"

"ಕಣ್ಣಿಗೆ ಇಡ್ತಾರಾ?"

"ಹಣೆ ಎಲ್ಲಿದೆ ಅದಕ್ಕೆ?" ಅಂದಳು ಅಮ್ಮ. "ಎರಡು ಕಣ್ ಬಿಟ್ರೆ ಬೇರೇನೂ ಕಾಣ್ಲಿಲ್ಲ. ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಇಡ್ದಿದ್ರೆ ಚೆನ್ನಾಗಿರಲ್ಲ ಅಂತ ಎರಡಕ್ಕೂ ಇಟ್ಟೆ."

ಗಣಿತದವರ ವಾದಕ್ಕೆ ಎದುರಾಡುವುದು ಕಷ್ಟ. ಹೊಸ ಸೆನ್ಸರ್ ತರೋಣವೆಂದರೆ ಅಂಗಡಿಗಳಲ್ಲೂ ಪೂಜೆ, ಬಾಗಿಲಿಗೆ ಬಾಳೆಕಂದು. ಬಿಚ್ಚಿ ತೊಳೆಯೋಣವೆಂದರೆ ಸ್ಕ್ರೂಡ್ರೈವರು ದೇವರ ಮುಂದೆ ಹೂವು ಮುಡಿದು ಮಲಗಿದೆ. ನಾನು ಅದರ ಕಡೆ ಕೈ ಚಾಚುವಷ್ಟರಲ್ಲಿ ಅಮ್ಮ ವಾಕರನ್ನು ನೆಲಕ್ಕೆ ಕುಟ್ಟಿದಳು. ನಾನು ತಲೆಯಿಂದ ಹೇರ್‌ಪಿನ್ನು ತೆಗೆದು ಹಿಡಿದೆ.

"ಇದು ಆಯುಧನಾ?"

ಅಮ್ಮ ಯೋಚಿಸಿದಳು. "ತಲೇಲಿ ಇದ್ರೆ ಅಲಂಕಾರ. ಬೀಗ ತೆಗೆಯೋಕೆ ಬಳಸಿದ್ರೆ ಆಯುಧ."

"ಇದ್ರ ಕಣ್ಣಿಂದ ಗಂಧ ತೆಗೆದ್ರೆ?"

"ಕಣ್ಣಿನ ಗೀಜು ತೆಗೆಯೋದು ಶುಶ್ರೂಷೆ. ತೆಗಿ."

ಕೂತು ಶುಶ್ರೂಷೆ ಮಾಡಿದೆ. ಯಜಮಾನರು ಟಾರ್ಚು ಹಿಡಿದರು. ಆ ಕಣ್ಣುಗಳ ಮೇಲೆ ಸಣ್ಣ ಜರಡಿ ಇರುತ್ತದೆ, ಗಂಧ ಅದರ ತೂತುಗಳಲ್ಲಿ ಇಳಿದು ಒಣಗಿಬಿಟ್ಟಿತ್ತು. ಹೇರ್‌ಪಿನ್ನಿನಿಂದ ಕೆರೆದು, ಹತ್ತಿಯಿಂದ ಒರೆಸಿ, ಊದಿ, ಮತ್ತೆ ಕೆರೆದೆ. ಸ್ವಿಚ್ಚು ಹಾಕಿದರೆ ಬಾಯಿಗೆ ಬಂದ ದೂರ ಹೇಳುವುದು ನಿಂತು ಜೀವ ಬಂದಿತ್ತು, ಆದರೆ ದೃಷ್ಟಿ ಪೂರ್ತಿ ಬಂದಿರಲಿಲ್ಲ. ಹತ್ತಿರದ್ದು ಕಾಣುತ್ತದೆ, ದೂರದ್ದು ಕಾಣುವುದಿಲ್ಲ. ಮಣೆ ಮುಂದಕ್ಕೆ ಹೋಗಿ ತುದಿ ಮುಟ್ಟುವ ಹೊತ್ತಿಗೆ ಅದರ ಪಾಲಿಗೆ ಮಣೆಯೇ ಮಾಯ. ಆಗ ಹೋ ಎನ್ನುವುದನ್ನೂ ನಿಲ್ಲಿಸಿ ಹಂಡೆ ಸುಮ್ಮನಾಗುತ್ತಿತ್ತು. ಮಣೆ ವಾಪಸು ಬರಲು ತೊಡಗಿದಾಗ ಮತ್ತೆ ಗಾಳಿ, ಕೀರಲು, ಉದ್ದಿನ ಗುಡುಗು. ಇಷ್ಟು ದಿನ ಒದ್ದಾಡಿ ಕೂಡಿಸಿದ ಸದ್ದು ಎಲ್ಲಿ ಅತಿ ಜೋರಾಗಿ ಇರಬೇಕೋ ಅಲ್ಲೇ ತೂತು ಬಿದ್ದಿತ್ತು. ನನಗೆ ತೀರಾ ಬೇಜಾರಾಯಿತು. ಹೊರಗೆ ಮಕ್ಕಳು ಚಪ್ಪಲಿ ಬಿಡುವ ಸದ್ದು ಕೇಳಿಸಿತು.

ಮಕ್ಕಳಿಗೆ ತೂತು ಗೊತ್ತೇ ಆಗಲಿಲ್ಲ. ಗೊಂಬೆಗಳನ್ನು ಒಂದು ಸಲ ನೋಡಿ, ಕೈಗೆ ಕೊಟ್ಟ ಚರುಪನ್ನು, ಅಂದರೆ ಅಂದಿನ ಕಡಲೆಕಾಳು ಉಸಲಿಯನ್ನು ಬಾಯಿಗೆ ತುಂಬಿಕೊಂಡು ಸಾಲಾಗಿ ನಿಂತರು. ಯಜಮಾನರ ಸೀಟಿ ಪೂಜೆಯಲ್ಲಿತ್ತು, ಆದ್ದರಿಂದ ಬೆರಳು ಮಡಿಸಿ ಶಿಳ್ಳೆ ಹೊಡೆದರು. ಹತ್ತಿದವರೆಲ್ಲ ಕಿರುಚಿದರು, ಇಳಿದವರೆಲ್ಲ ಮತ್ತೆ ಸಾಲಿನ ಹಿಂದಕ್ಕೆ ಓಡಿದರು. ಮಣೆ ಏರಿದ್ದು ಒಂದು ಗೇಣು. ಹಂಡೆಯ ಗುಡುಗಿಗೆ ಗೊಂಬೆ ಮೆಟ್ಟಿಲ ಮೇಲಿನ 'ಶೆಟ್ಟರ ಅಂಗಡಿ'ಯ ಶೆಟ್ಟರು ಎರಡು ಸಲ ಮಗುಚಿ ಬಿದ್ದರು. ಅಮ್ಮ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮಕ್ಕಳೆಲ್ಲ ಹೋದ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು.

"ಎಳೀರಿ ಅಳಿಯಂದಿರೇ" ಅಂದಳು.

ಬನ್ನಿ ಬನ್ನಿ ಎಂದಿತು ಹಂಡೆ. ಯಜಮಾನರು ಹಗ್ಗ ಎಳೆದರು. ಉದ್ದಿನ ಗುಡುಗು ಎದ್ದಿತು, ಗೇಟು ಕೀರಿತು, ಗಾಳಿ ನಡುವಿನಲ್ಲಿ ಜೋರಾಯಿತು. ಅಮ್ಮ ಕಣ್ಣು ಮುಚ್ಚಿದ್ದಳು. ಗಲ್ಲ ಎದೆಗೆ ಒತ್ತಿತ್ತು. ಮೊದಲ ಸುತ್ತಿನಲ್ಲಿ ಏನೂ ಇಲ್ಲ, ಎರಡನೆಯದರಲ್ಲೂ ಏನೂ ಇಲ್ಲ. ನಾನು ಕನ್ನಡಕವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರ ಕಡ್ಡಿ ಬಾಗಿತು. ಆಮೇಲೆ ಮಣೆ ಮತ್ತೆ ಮುಂದಕ್ಕೆ ಹೋಗಿ, ತುದಿ ಮುಟ್ಟಿ, ಹಂಡೆ ಸುಮ್ಮನಾಯಿತು. ಆ ಸದ್ದಿಲ್ಲದ ಗಳಿಗೆಯಲ್ಲಿ ಅಮ್ಮನ ಬಾಯಿ ತೆರೆಯಿತು.

"ನಂಜುಂಡಾ."

ಗಂಟಲು ಹರಿಯುವಂಥ ಕೂಗು. ಹಗ್ಗ ಹಿಡಿದಿದ್ದ ಯಜಮಾನರು ಬೆಚ್ಚಿ ನನ್ನ ಕಡೆ ನೋಡಿದರು. "ಪಾಪ, ಹೆದರ್ಕೊಂಡು ನಂಜನಗೂಡಿನ ದೇವರನ್ನ ಕರೀತಿದ್ದಾರೆ ಕಣೇ. ನಿಲ್ಸ್‌ಬುಡ್ಲಾ?"

"ಬೇಡ, ಎಳೀರಿ" ಅಂದೆ.

ಮಣೆ ಹಿಂದಕ್ಕೆ ಬಂತು, ಗುಡುಗಿತು, ಮತ್ತೆ ಮುಂದಕ್ಕೆ ಹೋಯಿತು. ಮತ್ತೆ ಸದ್ದಿಲ್ಲದ ಗಳಿಗೆ. "ಲೋ ನಂಜುಂಡಾ, ಎಷ್ಟ್ ಮೇಲ್ ಬಂದ್ಬುಟ್ಟೆ ನೋಡೋ." ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. "ಕತ್ತು ಎತ್ತೋ. ಮೇಲೆ ನೋಡೋ, ಪುಕ್ಕಲ."

ನಂಜನಗೂಡಿನ ದೇವರನ್ನು ಯಾರೂ ಪುಕ್ಕಲ ಎನ್ನುವುದಿಲ್ಲ. ನಂಜುಂಡಸ್ವಾಮಿ ನಮ್ಮ ಅಪ್ಪನ ಹೆಸರು.

ಆ ಹೆಸರು ಅಮ್ಮನ ಬಾಯಲ್ಲಿ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಪ್ಪ ಅವಳಿಗೆ 'ಇವರು', ಇಲ್ಲದಿದ್ದಾಗ 'ನಿಮ್ಮಪ್ಪ', ಮಾತೆಲ್ಲ ಬಹುವಚನ. ಯಾವ ಆಫೀಸಿನಲ್ಲಾದರೂ ಗಂಡನ ಹೆಸರು ಕೇಳಿದರೆ ನನ್ನ ಕಡೆ ತಿರುಗಿ, "ಹೇಳೇ" ಅನ್ನುತ್ತಿದ್ದಳು. ಗಂಡನ ಹೆಸರು ಸೇರಿದೆಯೆಂದು ಊರಿನ ಹೆಸರನ್ನೂ ಹೇಳುತ್ತಿರಲಿಲ್ಲ. ನಂಜನಗೂಡಿನ ಬಸ್ಸು ಹತ್ತಿ, "ರಸಬಾಳೆ ಊರಿಗೆ ಒಂದು" ಎಂದು ಟಿಕೆಟ್ಟು ಕೇಳಿ ಕಂಡಕ್ಟರರನ್ನು ತಬ್ಬಿಬ್ಬು ಮಾಡಿದವಳು. ಅಂಥವಳು ವರ್ಷಕ್ಕೊಮ್ಮೆ, ಯಾರಿಗೂ ಕೇಳಿಸದ ಎತ್ತರಕ್ಕೆ ಹೋಗಿ, ಕಣ್ಣು ಮುಚ್ಚಿಕೊಂಡು, ಗಂಡನನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆದು ಬರುತ್ತಿದ್ದಳು. ಕಟಕಟೆಯ ಪಕ್ಕದಲ್ಲಿ ಅಪ್ಪ, ಹಡಗು ಮೇಲೇರಿದಾಗಲೆಲ್ಲ ನೆಲ ನೋಡುತ್ತ ಮೆಲ್ಲಗೆ "ಓ" ಅನ್ನುತ್ತಿದ್ದರು. ಭಯಕ್ಕೆ ಅನ್ನುತ್ತಾರೆ ಎಂದುಕೊಂಡಿದ್ದೆ. ಅಷ್ಟು ಗದ್ದಲದಲ್ಲಿ ಅವರಿಗೆ ಹೇಗೆ ಕೇಳಿಸುತ್ತಿತ್ತೋ, ಅವರು ಓಗೊಡುತ್ತಿದ್ದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಎರಡೂ ಸರಿಯಾಗಿ ಆಗಲಿಲ್ಲ.

ಯಜಮಾನರ ತೋಳು ಸೋತ ಮೇಲೆ ಮಣೆ ನಿಂತಿತು. ಅಮ್ಮ ಕಣ್ಣು ಬಿಟ್ಟಳು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು, ನನ್ನನ್ನು ನೋಡಿ ಕಾರಣವೇ ಇಲ್ಲದೆ ನಕ್ಕಳು. ಅವಳ ಸೊಂಟದ ಪಟ್ಟಿ ಬಿಚ್ಚುತ್ತ, ಏನೂ ಕೇಳಿಸದವಳ ಹಾಗೆ ನಾನು ತಾಂತ್ರಿಕ ವಿಷಯ ತೆಗೆದೆ.

"ಮುಂದಕ್ಕೆ ಹೋದಾಗ ಸೌಂಡು ಕಟ್ ಆಗ್ತಿದೆ ಕಣಮ್ಮ. ನಾಳಿದ್ದು ಅಂಗಡಿ ತೆಗೀತಿದ್ದಂಗೆ ಹೊಸ ಸೆನ್ಸರ್ ತಂದು ಸರಿ ಮಾಡ್ಬುಡ್ತೀನಿ."

ಅಮ್ಮ ನನ್ನ ಕೈಯಿಂದ ಕನ್ನಡಕ ತೆಗೆದುಕೊಂಡು, ಬಾಗಿದ ಕಡ್ಡಿಯನ್ನು ನೋಡಿ, ನೆಟ್ಟಗೆ ಮಾಡಿ ಹಾಕಿಕೊಂಡಳು.

"ಏನೂ ತರ್ಬೇಡ" ಅಂದಳು. "ಅಲ್ಲಿ ಸೌಂಡು ನಾನೇ ಕೊಡ್ತೀನಿ."